ಲಿಫ್ಟ್ ಇದೆ, ಅಲ್ಲಿಗೆ ತಲುಪಲು ಗಾಡಿ ಇಲ್ಲ

ಕೋಲ್ಕತ್ತದ ಎಸ್ಪ್ಲನೇಡ್ ಅನ್ನು ಊರಿನ ಜನ ಧರ್ಮತಲಾ ಎಂದೇ ಕರೆಯುವುದು. ನಗರ ಸಾರಿಗೆಯ ಚರಿತ್ರೆ ಬರೆಯುವವರು ಈ ಚೌಕವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1902ರಲ್ಲಿ ಕಲ್ಕತ್ತೆಯ ಮೊದಲ ವಿದ್ಯುತ್ ಟ್ರಾಮು ಓಡಿದ್ದು ಇಲ್ಲಿಂದ ಖಿದಿರ್‌ಪುರಕ್ಕೆ. 1984ರ ಅಕ್ಟೋಬರ್ 24ರಂದು ದೇಶದ ಮೊದಲ ಮೆಟ್ರೊ ರೈಲು ಹೊರಟಿದ್ದೂ ಇಲ್ಲಿಂದಲೇ, ಮೂರೂವರೆ ಕಿಲೊಮೀಟರಿಗೂ ಕಡಿಮೆ ದೂರದ ಭವಾನಿಪುರಕ್ಕೆ. 2024ರ ಮಾರ್ಚ್‌ನಲ್ಲಿ ಹೂಗ್ಲಿ ನದಿಯ ತಳದ ಸುರಂಗದೊಳಗಿಂದ ಹೌರಾ ಕಡೆಯ ಮೆಟ್ರೊ ಬಂತು. 2025ರ ಆಗಸ್ಟ್ 22ರಂದು ಸಿಯಾಲ್ದಾ ಕಡೆಯ ತುಂಡೂ ಸೇರಿಕೊಂಡಿತು. ನಗರದ ಎರಡು ದೊಡ್ಡ ರೈಲು ನಿಲ್ದಾಣಗಳು ಈಗ ಈ ಚೌಕದಿಂದ ಕೆಲವೇ ನಿಮಿಷಗಳ ದೂರದಲ್ಲಿವೆ. ಇಷ್ಟನ್ನೂ ಪತ್ರಿಕೆಗಳು ಚಿತ್ರ ಸಮೇತ ಬರೆದಿವೆ. ಅಷ್ಟಾಗಿ ಬರೆಯದ ಸಂಗತಿ ಇನ್ನೊಂದಿದೆ. ಎಸ್ಪ್ಲನೇಡ್ ಹಳ್ಳಿಗಳ ಬಸ್‌ಸ್ಟ್ಯಾಂಡು ಕೂಡ ಹೌದು. ದಿಘಾ, ಕಾಕ್‌ದ್ವೀಪ, ನಾಮ್‌ಖಾನಾ, ಬಕ್ಖಾಲಿ ಕಡೆಯ ಬಸ್ಸುಗಳು, ದುರ್ಗಾಪುರದಲ್ಲಿ ಕೇಂದ್ರ ಕಚೇರಿಯಿರುವ ದಕ್ಷಿಣ ಬಂಗಾಳ ಸಾರಿಗೆ ನಿಗಮದ ಬಸ್ಸುಗಳು, ಕೂಚ್‌ಬೆಹಾರ್‌ನಿಂದ ನಡೆಯುವ ಉತ್ತರ ಬಂಗಾಳ ನಿಗಮದ ಬಸ್ಸುಗಳು ಜನರನ್ನು ಇಳಿಸುವುದು ಇಲ್ಲಿ. ಇಳಿಯುವವರಲ್ಲಿ ಒಂದು ಪಾಲು ನಗರ ನೋಡಲು ಬಂದವರಲ್ಲ, ಆಸ್ಪತ್ರೆಗೆ ಬಂದವರು.

ಅವರು ಹೋಗಬೇಕಾದ ಆಸ್ಪತ್ರೆಗಳು ಬಹುಮಟ್ಟಿಗೆ ಮೆಟ್ರೊ ದಾರಿಯಲ್ಲೇ ಇವೆ. ಎಸ್‌ಎಸ್‌ಕೆಎಂ ಆಸ್ಪತ್ರೆಗೆ ರವೀಂದ್ರ ಸದನ ನಿಲ್ದಾಣ ಹತ್ತಿರ, ಚಿತ್ತರಂಜನ್ ಕ್ಯಾನ್ಸರ್ ಸಂಸ್ಥೆಯ ಹಳೆಯ ಆವರಣಕ್ಕೆ ಜತಿನ್ ದಾಸ್ ಪಾರ್ಕ್, ಎನ್‌ಆರ್‌ಎಸ್ ಆಸ್ಪತ್ರೆಗೆ ಸಿಯಾಲ್ದಾ. ಕೈಕಾಲಿನ ಊನವುಳ್ಳವರಿಗಾಗಿಯೇ ಕೇಂದ್ರ ಸರ್ಕಾರ ನಡೆಸುವ ರಾಷ್ಟ್ರೀಯ ಸಂಸ್ಥೆ ಬನ್‌ಹೂಗ್ಲಿಯಲ್ಲಿದೆ, ಬಾರಾನಗರ ಮೆಟ್ರೊ ನಿಲ್ದಾಣದಿಂದ ಹೆಚ್ಚು ದೂರವಿಲ್ಲ. 1984ರ ಹಳೆಯ ಮಾರ್ಗ ಕಟ್ಟುವಾಗ ಗಾಲಿಕುರ್ಚಿಯ ಯೋಚನೆ ಯಾರಿಗೂ ಅಷ್ಟಾಗಿ ಇರಲಿಲ್ಲ. ನದಿಯಡಿಯ ಹೊಸ ಮಾರ್ಗದಲ್ಲಿ ಲಿಫ್ಟು, ಎಸ್ಕಲೇಟರು, ಕಣ್ಣು ಕಾಣದವರ ಕೋಲಿಗೆ ಸಿಗುವ ಉಬ್ಬುಗೆರೆಯ ಹಾಸು, ಹಳಿಗೆ ಬೀಳದಂತೆ ತಡೆಯುವ ಗಾಜಿನ ಬಾಗಿಲು ಎಲ್ಲವೂ ಇವೆ. ಎಂದರೆ ಎಸ್ಪ್ಲನೇಡ್‌ನಿಂದ ಮುಂದಕ್ಕೆ ಹೋಗುವ ದಾರಿ ವರ್ಷದಿಂದ ವರ್ಷಕ್ಕೆ ಸಲೀಸಾಗುತ್ತಿದೆ. ಅಲ್ಲಿಂದ ಹಿಂದಕ್ಕೆ, ಹಳ್ಳಿಯ ಕಡೆಗೆ ಮುಖ ಮಾಡಿ ನೋಡಿದರೆ ಲೆಕ್ಕ ಬೇರೆ.

ಸುಂದರಬನದ ಅಂಚಿನ ನಾಮ್‌ಖಾನಾ ಕಡೆಯ ಹಳ್ಳಿಯೊಂದರಿಂದ ಮೊಣಕಾಲು ಮಡಚಲಾಗದ ಎಪ್ಪತ್ತೈದರ ಮುದುಕಿ ಹೊರಡುತ್ತಾಳೆ ಎಂದುಕೊಳ್ಳಿ. ಮನೆಯಿಂದ ಡಾಂಬರು ರಸ್ತೆಗೆ ಬರಲು ಟೋಟೊ ಸಿಗಬೇಕು. ಬಂಗಾಳದ ಹಳ್ಳಿಗಳಲ್ಲಿ ಬ್ಯಾಟರಿ ರಿಕ್ಷಾಕ್ಕೆ ಅದೇ ಹೆಸರು. ಸಿಗದಿದ್ದರೆ ಸರಕು ಹೊರುವ ವ್ಯಾನ್ ರಿಕ್ಷಾದ ಹಲಗೆಯ ಮೇಲೆ ಕೂರಬೇಕು. ರಸ್ತೆ ಬದಿಯಲ್ಲಿ ಕಾಯಬೇಕು, ಆಮೇಲೆ ಬಸ್ಸು ಹತ್ತಬೇಕು. ನಮ್ಮ ದೇಶದ ಬಹುಪಾಲು ಬಸ್ಸುಗಳು ಲಾರಿಯ ಚಾಸಿಸ್ ಮೇಲೆ ಕಟ್ಟಿದವು. ಒಳಗಿನ ನೆಲ ರಸ್ತೆಯಿಂದ ಒಂದು ಮೀಟರಿಗೂ ಮೇಲಿರುತ್ತದೆ, ಮೊದಲ ಮೆಟ್ಟಿಲೇ ಸುಮಾರು ನಲವತ್ತು ಸೆಂಟಿಮೀಟರು. ಮನೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಹತ್ತುವವನಿಗೆ ಬೇಕಾದಷ್ಟು ಕಾಲೆತ್ತು ಈ ಒಂದು ಮೆಟ್ಟಿಲಿಗೆ ಬೇಕು, ಅದೂ ಎಂಜಿನ್ ಓಡುತ್ತಿರುವಾಗ. 2019ರಲ್ಲಿ ಹತಾನಿಯಾ–ದೋಆನಿಯಾ ನದಿಗೆ ಸೇತುವೆ ಆಗುವವರೆಗೆ ಬಕ್ಖಾಲಿಯ ಬಸ್ಸು ನಾಮ್‌ಖಾನಾದಲ್ಲಿ ದೋಣಿಯೇರಿ ದಾಟಬೇಕಿತ್ತು. ಗೋಸಾಬಾದಂಥ ದ್ವೀಪಗಳವರಿಗೆ ಇಂದಿಗೂ ಮೊದಲು ದೋಣಿ, ಆಮೇಲೆ ಉಳಿದದ್ದು. ನೂರಿಪ್ಪತ್ತು ಕಿಲೊಮೀಟರಿನ ಪ್ರಯಾಣದಲ್ಲಿ ಈಕೆಯನ್ನು ಸೋಲಿಸುವುದು ಮೊದಲ ಎರಡು ಕಿಲೊಮೀಟರು ಮತ್ತು ಒಂದು ಮೆಟ್ಟಿಲು. ಎಸ್ಪ್ಲನೇಡ್‌ನ ಲಿಫ್ಟು ಎಷ್ಟೇ ಚೆನ್ನಾಗಿದ್ದರೂ ಅದರ ಗುಂಡಿ ಒತ್ತಲು ಆಕೆ ಅಲ್ಲಿಗೆ ಬರುವುದೇ ಇಲ್ಲ.

ಈ ಲೇಖನದ ವಾದ ಇಷ್ಟೇ. ವೃದ್ಧರ, ಅಂಗವಿಕಲರ ಓಡಾಟಕ್ಕೆಂದು ನಾವು ಮಾಡುವ ಖರ್ಚು ಎರಡೇ ಕಡೆ ಹೋಗುತ್ತಿದೆ: ನಗರದ ನಿಲ್ದಾಣಗಳಿಗೆ ಮತ್ತು ಟಿಕೆಟ್ ರಿಯಾಯಿತಿಗೆ. ಹಳ್ಳಿಯ ಮನೆಬಾಗಿಲಿಗೂ ಬಸ್ಸು ನಿಲ್ಲುವ ಜಾಗಕ್ಕೂ ನಡುವಿನ ತುಂಡಿಗೆ ಯಾರೂ ಹೊಣೆಯಲ್ಲ. ಆ ತುಂಡಿಗೆ ಪಂಚಾಯಿತಿಗೊಂದು ಗಾಡಿ ಬೇಕು, ಅದರ ಖರ್ಚನ್ನು ಸರ್ಕಾರ ಹೊರಬೇಕು.

ಎಷ್ಟು ಜನರ ಪ್ರಶ್ನೆ ಇದು? 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಅವರಲ್ಲಿ 1.86 ಕೋಟಿ, ಅಂದರೆ ಶೇ 69ರಷ್ಟು ಮಂದಿ ಹಳ್ಳಿಗಳಲ್ಲಿ. ಅರವತ್ತು ದಾಟಿದವರು 10.38 ಕೋಟಿ, ಅಲ್ಲೂ ಹತ್ತರಲ್ಲಿ ಏಳು ಜನ ಹಳ್ಳಿಯವರೇ. ಪಶ್ಚಿಮ ಬಂಗಾಳದಲ್ಲಿ 20.17 ಲಕ್ಷ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಗಣತಿ ಲೆಕ್ಕ ಹಾಕಿತು. ಈ ಅಂಕಿಗಳೇ ಕಡಿಮೆ ಎನ್ನಲು ಕಾರಣವಿದೆ. ನಮ್ಮ ಗಣತಿಯ ಪ್ರಕಾರ ಅಂಗವಿಕಲರು ಜನಸಂಖ್ಯೆಯ ಶೇ 2.21, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಜಗತ್ತಿಗೆ ಶೇ 16. ನಮ್ಮ ಜನ ಏಳು ಪಟ್ಟು ಗಟ್ಟಿಮುಟ್ಟಾಗಿದ್ದಾರೆ ಎಂದು ಇದರ ಅರ್ಥವಲ್ಲ. ವಯಸ್ಸಾಗಿ ಕಣ್ಣು ಮಂಜಾದವರನ್ನು, ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರನ್ನು, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವರನ್ನು ನಾವು ‘ವಯಸ್ಸಾಯಿತು’ ಎಂಬ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತೇವೆ. ಬಸ್ಸಿನ ಮೆಟ್ಟಿಲಿಗೆ ಮಾತ್ರ ವೃದ್ಧರೂ ಅಂಗವಿಕಲರೂ ಒಂದೇ. ಕರ್ನಾಟಕ ಈ ಎರಡು ಗುಂಪಿಗೂ ಸೇರಿಸಿ ಒಂದೇ ಇಲಾಖೆ ಇಟ್ಟಿರುವುದು ಆ ಮಟ್ಟಿಗೆ ಸರಿಯಾದ ಕ್ರಮ. ಆದರೆ ಪಿಂಚಣಿ ಒಂದು ಇಲಾಖೆಯದು, ಬಸ್ಸು ಇನ್ನೊಂದರದು, ರಸ್ತೆ ಮತ್ತೊಂದರದು. ಮನೆಯಿಂದ ಬಸ್ಸಿನವರೆಗಿನ ದಾರಿ ಯಾವ ಕಡತದಲ್ಲೂ ಇಲ್ಲ.

ಕಾನೂನು ಇಲ್ಲದೆ ಹೀಗಾಗಿದೆಯೇ ಎಂದರೆ, ಇಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 41ನೇ ಕಲಂ ಬಸ್ ನಿಲ್ದಾಣ, ರೈಲು, ವಾಹನ, ರಸ್ತೆ ಎಲ್ಲವನ್ನೂ ಹೆಸರಿಸುತ್ತದೆ. ಅದರ ಎರಡನೇ ಉಪಕಲಂ ಇನ್ನೂ ಮುಂದೆ ಹೋಗಿ, ಕೈಗೆಟಕುವ ಖರ್ಚಿನಲ್ಲಿ ವ್ಯಕ್ತಿಯ ಓಡಾಟಕ್ಕೆ ನೆರವಾಗುವ ಯೋಜನೆಗಳನ್ನು ಸರ್ಕಾರ ರೂಪಿಸಬೇಕು ಎನ್ನುತ್ತದೆ: ರಿಯಾಯಿತಿ, ವಾಹನಗಳ ಮಾರ್ಪಾಡು, ಓಡಾಟಕ್ಕೆ ಸಹಾಯಕರು. ಮೂರರಲ್ಲಿ ಮೊದಲನೆಯದನ್ನು ಎಲ್ಲ ರಾಜ್ಯಗಳೂ ಚೆನ್ನಾಗಿ ಓದಿಕೊಂಡವು. ಕೊನೆಯದನ್ನು ಓದಿದ ಹಾಗೆ ಕಾಣುವುದಿಲ್ಲ. 2015ರ ಡಿಸೆಂಬರ್ 3ರಂದು ಶುರುವಾದ ಸುಗಮ್ಯ ಭಾರತ ಅಭಿಯಾನ, ಸರ್ಕಾರಿ ಬಸ್ಸುಗಳಲ್ಲಿ ಒಂದು ಪಾಲನ್ನು ಅಂಗವಿಕಲರು ಪೂರ್ತಿಯಾಗಿ ಬಳಸುವಂತೆ ಮಾಡುವ ಗುರಿ ಇಟ್ಟುಕೊಂಡಿತ್ತು. ಗಡುವು 2018ರ ಮಾರ್ಚ್. ಗಡುವು ಕಳೆದು ವರ್ಷಗಳಾದ ಮೇಲೆ ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕದಲ್ಲಿ ಸುಮಾರು 1.45 ಲಕ್ಷ ಬಸ್ಸುಗಳ ಪೈಕಿ ಪೂರ್ತಿ ಸುಗಮವಾದವು ಶೇ 6ರಷ್ಟು. ಅವೂ ಓಡುವುದು ಹೆಚ್ಚಾಗಿ ನಗರಗಳಲ್ಲಿ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಸುಗಮತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿದರೆ ಸಾಲದು, ಕಡ್ಡಾಯ ನಿಯಮಗಳಾಗಬೇಕು ಎಂದು ಹೇಳಬೇಕಾಯಿತು. ಇದು ಒಳ್ಳೆಯ ತೀರ್ಪೇ. ಆದರೆ ಕಡ್ಡಾಯ ಮಾಡಲು ಒಂದು ಕಟ್ಟಡವೋ ಬಸ್ಸೋ ಇರಬೇಕಲ್ಲ. ಬಸ್ಸೇ ಬರದ ಊರಿನಲ್ಲಿ ಯಾವ ಮೆಟ್ಟಿಲಿನ ಎತ್ತರ ಅಳೆಯುವುದು?

ಕರ್ನಾಟಕದ ಕತೆಯೂ ಬಂಗಾಳಕ್ಕಿಂತ ಬೇರೆಯಲ್ಲ. ಎಸ್ಪ್ಲನೇಡ್ ಇದ್ದ ಜಾಗದಲ್ಲಿ ಬೆಂಗಳೂರಿನ ಮೆಜೆಸ್ಟಿಕ್ ಇಟ್ಟುಕೊಳ್ಳಿ, ಎಸ್‌ಎಸ್‌ಕೆಎಂ ಬದಲು ನಿಮ್ಹಾನ್ಸ್ ಅಥವಾ ಕಿದ್ವಾಯಿ. ಅಂಗವಿಕಲರಿಗೆ ವಾಸಸ್ಥಳದಿಂದ ನೂರು ಕಿಲೊಮೀಟರಿನ ಒಳಗೆ ಓಡಾಡಲು ರಿಯಾಯಿತಿ ಪಾಸು ಇದೆ, ಹಿರಿಯ ನಾಗರಿಕರಿಗೆ ಟಿಕೆಟ್‌ನಲ್ಲಿ ಶೇ 25ರ ಕಡಿತ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲ. 2025ರ ಜುಲೈ ಹೊತ್ತಿಗೆ ಅವರ ಉಚಿತ ಪ್ರಯಾಣಗಳ ಎಣಿಕೆ 500 ಕೋಟಿ ದಾಟಿತು. ಶಕ್ತಿಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ದುಡಿಯುವ ಹೆಣ್ಣುಮಕ್ಕಳ ಕೈಗೆ ಅದು ಉಳಿಸಿದ ಹಣ ನಿಜವಾದದ್ದು. ಆದರೆ ದರ ಸೊನ್ನೆಯಾದರೂ ಮೆಟ್ಟಿಲಿನ ಎತ್ತರ ಇಳಿಯುವುದಿಲ್ಲ. ಅದೇ ಬಸ್ಸು ಈಗ ಇನ್ನಷ್ಟು ತುಂಬಿ ಬರುವುದರಿಂದ, ಊರುಗೋಲು ಹಿಡಿದವರಿಗೆ ಹತ್ತುವುದು ಮೊದಲಿಗಿಂತ ಕಷ್ಟವಾದರೆ ಆಶ್ಚರ್ಯವಿಲ್ಲ. ರಸ್ತೆಯ ವಿಷಯದಲ್ಲೂ ಹೀಗೇ ಆಯಿತು. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ, ಬಯಲುಸೀಮೆಯಲ್ಲಿ ಐನೂರು ಜನರಿರುವ ಊರಿಗೂ ಡಾಂಬರು ಒಯ್ದಿತು. ಡಾಂಬರಿನ ಮೇಲೆ ಏನು ಓಡಬೇಕು ಎಂಬುದನ್ನು ಮಾರುಕಟ್ಟೆಗೆ ಬಿಟ್ಟಿತು. ಮಾರುಕಟ್ಟೆ ತಂದದ್ದು ಬೈಕು ಮತ್ತು ಟಂಟಂ. ಬೈಕು ಗಟ್ಟಿ ಕಾಲಿನವರಿಗೆ. ಟಂಟಂ ತುಂಬಿದ ಮೇಲೆ ಹೊರಡುವ ಗಾಡಿ, ಅದರಲ್ಲಿ ಗಾಲಿಕುರ್ಚಿಗೆ ಸೀಟಿನ ಲೆಕ್ಕವೂ ಅಲ್ಲ, ಲಗೇಜಿನ ಲೆಕ್ಕವೂ ಅಲ್ಲ, ಜಗಳದ ಲೆಕ್ಕ. ಸರ್ಕಾರ ಅಂಗವಿಕಲರಿಗೆ ಹಂಚುವ ಯಂತ್ರಚಾಲಿತ ದ್ವಿಚಕ್ರ ವಾಹನ ಪೋಲಿಯೊದಿಂದ ಕಾಲು ಸೋತ ಯುವಕನಿಗೆ ದೊಡ್ಡ ವರ. ಕುರುಡರಿಗೆ, ಮೆದುಳಿನ ಪಾರ್ಶ್ವವಾಯು ಇರುವ ಮಗುವಿಗೆ, ಎಂಬತ್ತರ ಅಜ್ಜನಿಗೆ ಅದರಿಂದ ಏನೂ ಇಲ್ಲ.

ಈ ತುಂಡನ್ನು ಬೇರೆಯವರು ಹೇಗೆ ತುಂಬಿದರು? ಜಪಾನಿನ ಟೋಕಿಯೊ ಪಕ್ಕದ ಮುಸಾಶಿನೊ ನಗರಸಭೆ 1995ರ ನವೆಂಬರ್‌ನಲ್ಲಿ ‘ಮು-ಬಸ್’ ಎಂಬ ಪುಟ್ಟ ಬಸ್ಸು ಬಿಟ್ಟಿತು. ದೊಡ್ಡ ಬಸ್ಸು ನುಗ್ಗದ ಓಣಿಗಳಲ್ಲಿ, ಸುಮಾರು ಇನ್ನೂರು ಮೀಟರಿಗೊಂದು ನಿಲುಗಡೆ, ನೂರು ಯೆನ್ ದರ. ಪೇಟೆಗೆ ಹೋಗಲಾಗುತ್ತಿಲ್ಲ ಎಂದು ಹಿರಿಯ ನಾಗರಿಕರೊಬ್ಬರು ಮೇಯರ್‌ಗೆ ಬರೆದ ಪತ್ರ ಅದರ ಮೂಲ. ಆ ಬಸ್ಸನ್ನು ನೋಡಿ ಜಪಾನಿನ ಊರೂರುಗಳು ಸಮುದಾಯ ಬಸ್ಸು ಶುರುಮಾಡಿದವು. ಜರ್ಮನಿಯಲ್ಲಿ 1985ರಲ್ಲಿ ಹೀಕ್, ಲೆಗ್ಡನ್ ಎಂಬ ಹಳ್ಳಿಗಳ ಕಡೆ ನಾಗರಿಕರ ಬಸ್ಸು ಆರಂಭವಾಯಿತು: ಎಂಟು ಜನರ ವ್ಯಾನು, ಸಂಬಳವಿಲ್ಲದೆ ಸರದಿಯ ಮೇಲೆ ಓಡಿಸುವ ಊರಿನವರು, ವ್ಯಾನಿಗೆ ಸರ್ಕಾರದ ಅನುದಾನ. ಇವೆಲ್ಲ ಸಿರಿವಂತ ದೇಶಗಳ ಮಾತು ಎನ್ನುವವರು ಪಕ್ಕದ ಕೇರಳ ನೋಡಬಹುದು. ಅಲ್ಲಿನ ಸಾರಿಗೆ ನಿಗಮ 2022ರ ಜುಲೈ 29ರಂದು ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯಿತಿಯಲ್ಲಿ ‘ಗ್ರಾಮವಂಡಿ’ ಆರಂಭಿಸಿತು. ಬಸ್ಸು, ಚಾಲಕ, ನಿರ್ವಾಹಕ, ರಿಪೇರಿ ನಿಗಮದ್ದು. ಡೀಸೆಲ್ ಖರ್ಚು ಪಂಚಾಯಿತಿಯದು. ಯಾವ ದಾರಿ, ಯಾವ ಹೊತ್ತು ಎಂದು ತೀರ್ಮಾನಿಸುವುದೂ ಪಂಚಾಯಿತಿಯೇ. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಕೊನೆಯ ಅಂಶ. ಯಾವ ಕೇರಿಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇದೆ ಎಂಬುದು ಡಿಪೊ ಮ್ಯಾನೇಜರಿಗೆ ಗೊತ್ತಾಗುವುದಿಲ್ಲ, ವಾರ್ಡಿನ ಸದಸ್ಯೆಗೆ ಗೊತ್ತಿರುತ್ತದೆ. ಗ್ರಾಮವಂಡಿಯ ಕೊರತೆಯೂ ಸ್ಪಷ್ಟ. ಅದೂ ಮಾಮೂಲಿ ಬಸ್ಸೇ, ಅದೇ ಎತ್ತರದ ಮೆಟ್ಟಿಲು. ಆದಾಯ ಕಡಿಮೆಯಿರುವ ಪಂಚಾಯಿತಿಗೆ ಡೀಸೆಲ್ ಖರ್ಚೂ ಭಾರವೇ, ಮತ್ತು ಗಾಡಿ ಹೆಚ್ಚು ಬೇಕಾಗಿರುವುದು ಅಂಥ ಪಂಚಾಯಿತಿಗೇ.

ಕೇರಳದ ಮಾತು ಬಂದದ್ದರಿಂದ ಕಾಸರಗೋಡಿನ ಕನ್ನಡ ಸೀಮೆಯನ್ನು ನೋಡದೆ ಮುಂದೆ ಹೋಗುವಂತಿಲ್ಲ. ಎಣ್ಮಕಜೆ, ಕುಂಬಡಾಜೆ, ಬೆಳ್ಳೂರು, ಬದಿಯಡ್ಕ ಸುತ್ತಿನ ಊರುಗಳ ಮೇಲೆ ಸರ್ಕಾರಿ ಗೇರು ತೋಟಗಳಿಗೆಂದು ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸುಪ್ರೀಂ ಕೋರ್ಟ್ 2011ರ ಮೇ ತಿಂಗಳಲ್ಲಿ ಅದನ್ನು ದೇಶದಲ್ಲೇ ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಹೇಳಿತು. ಇದೇ ವಿಷದ ಕತೆ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯದೂ ಹೌದು. ಗುಡ್ಡದ ಇಳಿಜಾರಿನಲ್ಲಿ ಒಂದೊಂದೇ ಮನೆ, ಮನೆಯಲ್ಲಿ ಎದ್ದು ಕೂರಲಾಗದ ಇಪ್ಪತ್ತು ವರ್ಷದ ಮಗ. ಅಂಥ ಮಕ್ಕಳಿಗಾಗಿ ಗಡಿಯ ಆಚೆ ‘ಬಡ್ಸ್’ ಶಾಲೆಗಳು, ಈಚೆ ಕೊಕ್ಕಡ, ಕೊಯಿಲದಲ್ಲಿ ಪಾಲನಾ ಕೇಂದ್ರಗಳು ತೆರೆದವು. ಇಂಥ ಕೇಂದ್ರ ನಡೆಯುವುದು ಅಲ್ಲಿನ ಶಿಕ್ಷಕಿಯರಿಂದ ಎಷ್ಟೋ, ಬೆಳಿಗ್ಗೆ ಮನೆ ಮನೆಗೆ ಹೋಗುವ ವ್ಯಾನಿನಿಂದಲೂ ಅಷ್ಟೇ. ವ್ಯಾನು ಕೆಟ್ಟ ದಿನ ಕಟ್ಟಡ ಇದ್ದೂ ಶಾಲೆ ಇಲ್ಲ. ಪಿಂಚಣಿ, ಪರಿಹಾರ, ಚಿಕಿತ್ಸೆಯ ಪಟ್ಟಿಯಲ್ಲಿ ಮಂಗಳೂರಿನ ಆಸ್ಪತ್ರೆಗಳು, ಎಲ್ಲ ಇದ್ದ ಮೇಲೂ ಒಬ್ಬ ತಾಯಿಗೆ ದಿನನಿತ್ಯ ಬೇಕಾಗುವುದು ಮಗನನ್ನು ಎತ್ತಿ ಕೂರಿಸಬಹುದಾದ ಒಂದು ಗಾಡಿ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಎಲ್ಲಕ್ಕಿಂತ ಗಟ್ಟಿಯಾದದ್ದು, ಅದಕ್ಕೆ ಬಂಗಾಳದಲ್ಲಿ ಒಂದು ಹೆಸರೇ ಇದೆ: ‘ದುಆರೆ ಸರ್ಕಾರ್’, ಬಾಗಿಲಿಗೆ ಬಂದ ಸರ್ಕಾರ. 2020ರ ಡಿಸೆಂಬರ್‌ನಲ್ಲಿ ಶುರುವಾದ ಈ ಶಿಬಿರಗಳು ಕಚೇರಿಗಳನ್ನೇ ಹಳ್ಳಿಗೆ ತಂದವು, ಆಮೇಲೆ ಪಡಿತರವೂ ಬಾಗಿಲಿಗೆ ಬಂತು. ಕರ್ನಾಟಕದಲ್ಲಿ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಆರಂಭವಾಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ತಪಾಸಣೆಯನ್ನು ಮನೆಗೆ ಒಯ್ದಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದವರು, ಅಂಗವಿಕಲರು ಮನೆಯಲ್ಲೇ ಮತ ಹಾಕಿದರು. ಎಲ್ಲವೂ ಬಾಗಿಲಿಗೆ ಬರುವುದಾದರೆ ಮುದುಕರನ್ನು ಕುಲುಕುವ ರಸ್ತೆಯಲ್ಲಿ ಸಾಗಿಸುವುದೇಕೆ? ಈ ಪ್ರಶ್ನೆಯಲ್ಲಿ ಕರುಣೆ ಇದೆ, ಕೆಲವರ ಮಟ್ಟಿಗೆ ಉತ್ತರವೂ ಇದೆ. ಹಾಸಿಗೆಯಿಂದ ಏಳಲಾಗದವರಿಗೆ ಪಿಂಚಣಿ ಮನೆಗೇ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಯಾಲಿಸಿಸ್ ಯಂತ್ರ, ಕ್ಯಾನ್ಸರಿನ ವಿಕಿರಣ ಚಿಕಿತ್ಸೆ, ಕೃತಕ ಕಾಲಿನ ಅಳತೆ ಬಾಗಿಲಿಗೆ ಬರುವುದಿಲ್ಲ. ಸಂತೆ ಬರುವುದಿಲ್ಲ. ತವರಿನ ಮದುವೆ, ಊರ ತೇರು, ಗೆಳತಿಯ ಮನೆ, ಗ್ರಾಮಸಭೆ ಬರುವುದಿಲ್ಲ. ಬಾಗಿಲಿಗೆ ಬರುವುದು ಸರ್ಕಾರಕ್ಕೆ ಮುಖ್ಯವೆಂದು ತೋರಿದ್ದು ಮಾತ್ರ. ಮನುಷ್ಯರಿಗೆ ಮುಖ್ಯವೆಂದು ತೋರುವುದರ ಪಟ್ಟಿ ಅದಕ್ಕಿಂತ ಉದ್ದ, ಅದನ್ನು ಇನ್ನೊಬ್ಬರು ಬರೆದುಕೊಡಲೂ ಆಗದು. ಇನ್ನೊಂದು ಅಪಾಯವನ್ನೂ ಹೇಳಬೇಕು. ಮನೆಯೊಳಗೆ ಉಳಿದವರು ಬೀದಿಯಲ್ಲಿ ಕಾಣುವುದಿಲ್ಲ. ಕಾಣದಿದ್ದರೆ ಬಸ್ ನಿಲ್ದಾಣಕ್ಕೆ ಇಳಿಜಾರು ಕಟ್ಟುವಾಗ ‘ಇಲ್ಲಿ ಅಂಥವರು ಯಾರೂ ಬರುವುದಿಲ್ಲ’ ಎಂದು ಎಂಜಿನಿಯರು ಹೇಳುತ್ತಾರೆ, ಆ ಮಾತು ನಿಜವೂ ಆಗಿರುತ್ತದೆ.

ಮಕ್ಕಳು ನೋಡಿಕೊಳ್ಳುತ್ತಾರೆ, ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ ಎನ್ನುವುದು ಎರಡನೆಯದು. ಎಷ್ಟೋ ಮಕ್ಕಳು ನೋಡಿಕೊಳ್ಳುತ್ತಿದ್ದಾರೆ, ನಿಜ. ಆದರೆ ಆಸ್ಪತ್ರೆಯ ಒಂದು ಚೀಟಿಗೆ ಇಬ್ಬರ ದಿನ ಹೋಗುತ್ತದೆ. ಕೂಲಿಯ ಮನೆಯಲ್ಲಿ ಅದು ಲೆಕ್ಕಕ್ಕೆ ಬರುವ ಹಣ, ಹಾಗಾಗಿ ಹೋಗುವುದನ್ನೇ ಮುಂದಕ್ಕೆ ತಳ್ಳುತ್ತಾರೆ. ಮಗ ಬೆಂಗಳೂರಿನಲ್ಲೋ ಬಂಗಾಳದವನಾದರೆ ಕೇರಳದ ಕಟ್ಟಡ ಕೆಲಸದಲ್ಲೋ ಇದ್ದರೆ ಬೈಕೂ ಇಲ್ಲ. ಸೊಸೆಯನ್ನೋ ಮೊಮ್ಮಗನನ್ನೋ ಕೇಳಿ, ಅವರ ಬಿಡುವು ನೋಡಿ, ಮುಖ ನೋಡಿ ಹೊರಡಬೇಕಾದ ವಯಸ್ಸಿನಲ್ಲಿ ಹಲವರು ಹೊರಡುವುದನ್ನೇ ಬಿಟ್ಟುಬಿಡುತ್ತಾರೆ.

ಆಂಬುಲೆನ್ಸ್ ಇದೆಯಲ್ಲ ಎನ್ನುವವರಿಗೆ ಚಿಕ್ಕ ಉತ್ತರ ಸಾಕು. 2008ರಿಂದ ಓಡುತ್ತಿರುವ ನಮ್ಮ 108 ತುರ್ತಿಗೆ ಇರುವುದು, ತಿಂಗಳ ತಪಾಸಣೆಗೆ ಅದನ್ನು ಕರೆದರೆ ನಿಜವಾದ ತುರ್ತಿಗೆ ಗಾಡಿ ಸಿಗುವುದಿಲ್ಲ. ಆದರೆ ಇದೇ ಸರ್ಕಾರಿ ವ್ಯವಸ್ಥೆ ಬಾಣಂತಿಯನ್ನೂ ಕೂಸನ್ನೂ ಆಸ್ಪತ್ರೆಯಿಂದ ಮನೆಗೆ ಬಿಡಲು ‘ನಗು–ಮಗು’ ವಾಹನ ಇಟ್ಟಿದೆ. ತುರ್ತಿಲ್ಲದ, ಮನೆಬಾಗಿಲಿನ ಪ್ರಯಾಣದ ಖರ್ಚನ್ನು ಸರ್ಕಾರ ಹೊರಬಹುದು ಎಂಬ ತತ್ವವನ್ನು ನಾವು ಆಗಲೇ ಒಪ್ಪಿಯಾಗಿದೆ. ಉಳಿದಿರುವುದು ಆ ತತ್ವವನ್ನು ವೃದ್ಧರಿಗೂ ಅಂಗವಿಕಲರಿಗೂ ವಿಸ್ತರಿಸುವುದು.

ಖರ್ಚಿನ ಪ್ರಶ್ನೆ ಮಾತ್ರ ಹೀಗೆ ಮುಗಿಯುವುದಿಲ್ಲ. ಒಂದು ಒರಟು ಲೆಕ್ಕ ಹಾಕೋಣ, ಅಂಕಿಗಳು ನನ್ನ ಅಂದಾಜು. ಹಿಂಬಾಗಿಲಿನಲ್ಲಿ ಮಡಚುವ ಇಳಿಜಾರು ಹಲಗೆಯಿರುವ ಎಂಟು ಸೀಟಿನ ವ್ಯಾನು ತಿಂಗಳಿಗೆ ಎರಡು ಸಾವಿರ ಕಿಲೊಮೀಟರು ಓಡಿದರೆ ಡೀಸೆಲ್ಲಿಗೆ ಸುಮಾರು 15 ಸಾವಿರ, ಚಾಲಕನಿಗೆ 18 ಸಾವಿರ, ಟೈರು–ರಿಪೇರಿ–ವಿಮೆಗೆ 8 ಸಾವಿರ, ಗಾಡಿಯ ಸಾಲದ ಕಂತು 17 ಸಾವಿರ. ಒಟ್ಟು 58 ಸಾವಿರ, ವರ್ಷಕ್ಕೆ ಹತ್ತಿರ ಹತ್ತಿರ ಏಳು ಲಕ್ಷ. ಕರ್ನಾಟಕದ ಸುಮಾರು 5,950 ಗ್ರಾಮ ಪಂಚಾಯಿತಿಗಳಿಗೂ ಒಂದೊಂದು ಕೊಟ್ಟರೆ 415 ಕೋಟಿ ರೂಪಾಯಿ. ಶಕ್ತಿ ಯೋಜನೆಗೆ 2025–26ರ ಬಜೆಟ್ಟಿನಲ್ಲಿ ಇಟ್ಟ ಹಣ 5,300 ಕೋಟಿ. ಅದರ ಶೇ 8ಕ್ಕೂ ಕಡಿಮೆಯಲ್ಲಿ ರಾಜ್ಯದ ಪ್ರತಿ ಪಂಚಾಯಿತಿಗೂ ಗಾಡಿ ಬರುತ್ತದೆ. ನನ್ನ ಲೆಕ್ಕ ಅರ್ಧದಷ್ಟು ತಪ್ಪಿದ್ದರೂ ಶೇ 12 ದಾಟದು. ಹಣವೇ ಇಲ್ಲ ಎಂಬ ಮಾತು ನಿಲ್ಲುವುದಿಲ್ಲ, ಹಣ ಇದಕ್ಕೆ ಬೇಡ ಎಂಬ ತೀರ್ಮಾನ ನಿಲ್ಲಬಹುದು, ಆದರೆ ಅದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಇಷ್ಟಾಗಿಯೂ ಎಲ್ಲ ಪಂಚಾಯಿತಿಗೂ ಹೊಸ ಗಾಡಿ ಕೊಳ್ಳಲೇಬೇಕೆಂದಿಲ್ಲ. ಬಂಗಾಳ 2014ರಲ್ಲಿ ತಂದ ‘ಗತಿಧಾರಾ’ ಯೋಜನೆಯಲ್ಲಿ ನಿರುದ್ಯೋಗಿ ಯುವಕರಿಗೆ ಬಾಡಿಗೆ ಗಾಡಿ ಕೊಳ್ಳಲು ಒಂದು ಲಕ್ಷದವರೆಗೆ ಸಹಾಯಧನ ಸಿಗುತ್ತದೆ. ಕೇಂದ್ರದ ಆಜೀವಿಕಾ ಗ್ರಾಮೀಣ ಎಕ್ಸ್‌ಪ್ರೆಸ್ 2017ರಿಂದ ಸ್ತ್ರೀಶಕ್ತಿ ಗುಂಪಿನಂಥ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಹಳ್ಳಿ ದಾರಿಯ ಗಾಡಿಗೆಂದು ಬಡ್ಡಿಯಿಲ್ಲದ ಸಾಲ ಕೊಡುತ್ತಿದೆ, ಮಿತಿ ಆರೂವರೆ ಲಕ್ಷ. ಎರಡೂ ಯೋಜನೆಗಳು ಗಾಡಿಯನ್ನು ದುಡಿಮೆಯ ದಾರಿಯಾಗಿ ನೋಡಿದವು. ಹಣ ಕೊಡುವಾಗಲೇ ಒಂದು ಷರತ್ತು ಸೇರಿಸಬಹುದಿತ್ತು: ಗಾಡಿಗೆ ಇಳಿಜಾರು ಹಲಗೆ ಇರಬೇಕು, ದಿನದ ಇಷ್ಟು ಗಂಟೆ ಪಂಚಾಯಿತಿ ಹೇಳಿದವರನ್ನು ಒಯ್ಯಬೇಕು, ಅದಕ್ಕೆ ಪಂಚಾಯಿತಿ ಕಿಲೊಮೀಟರ್ ಲೆಕ್ಕದಲ್ಲಿ ಹಣ ಕೊಡಬೇಕು. ಟೋಟೊ, ಟಂಟಂಗಳನ್ನು ಓಡಿಸುವವರನ್ನು ಅಕ್ರಮವೆಂದು ಅಟ್ಟುವುದಕ್ಕಿಂತ ಹೀಗೆ ಕರಾರಿನೊಳಗೆ ತರುವುದು ಜಾಣತನ. ಜರ್ಮನಿಯಂತೆ ಪುಕ್ಕಟೆ ಚಾಲಕರನ್ನು ನೆಚ್ಚಿಕೊಳ್ಳುವುದು ನಮ್ಮಲ್ಲಿ ನಡೆಯದು, ನಡೆಯಬೇಕೆಂದು ಬಯಸುವುದೂ ಸರಿಯಲ್ಲ. ಕೆಲಸವಿಲ್ಲದ ಊರಿನಲ್ಲಿ ಇದು ಒಂದು ಕೆಲಸ.

ಸಾರಿಗೆ ನಿಗಮಗಳವರ ಒಂದು ಆಕ್ಷೇಪವನ್ನು ನಾನು ಒಪ್ಪುತ್ತೇನೆ. ತಗ್ಗು ನೆಲದ ಬಸ್ಸು ಹಳ್ಳಿಯ ಹಂಪುಗಳಲ್ಲಿ ತಳ ಉಜ್ಜುತ್ತದೆ, ಮಳೆಗಾಲದ ಗುಂಡಿಯಲ್ಲಿ ಸಿಕ್ಕಿಬೀಳುತ್ತದೆ. ಚೆನ್ನೈಯಲ್ಲಿ ಇದೇ ವಾದ ವರ್ಷಗಟ್ಟಲೆ ಕೋರ್ಟು ಹತ್ತಿ, ಕೊನೆಗೆ 2024ರ ಆಗಸ್ಟ್‌ನಲ್ಲಿ ಬಾಗಿ ನಿಲ್ಲುವ ತಗ್ಗು ಬಸ್ಸುಗಳು ಬೀದಿಗಿಳಿದವು. ಅದು ನಗರದ ಮಾತು. ಎಲ್ಲ ಹಳ್ಳಿ ಬಸ್ಸನ್ನೂ ತಗ್ಗು ಮಾಡಿ ಎಂದು ಹಟ ಹಿಡಿದರೆ ಹತ್ತು ವರ್ಷ ಏನೂ ಆಗುವುದಿಲ್ಲ. ಚಿಕ್ಕ ವ್ಯಾನಿನ ಪರವಾಗಿ ನಾನು ವಾದಿಸುವುದು ಅದಕ್ಕಾಗಿಯೇ. ಅದು ಹತ್ತಿರದ ದೊಡ್ಡ ನಿಲ್ದಾಣಕ್ಕೋ ತಾಲ್ಲೂಕು ಆಸ್ಪತ್ರೆಗೋ ಒಯ್ದು ಬಿಡಲಿ. ಅಲ್ಲಿಂದ ಹೊರಡುವ ದೂರದ ಬಸ್ಸುಗಳಲ್ಲಿ ಕೆಲವಕ್ಕಾದರೂ ಎತ್ತಿ ಕೂರಿಸುವ ಲಿಫ್ಟು ಇರಲಿ.

ಇಲ್ಲಿ ಮತ್ತೆ ಎಸ್ಪ್ಲನೇಡ್ ಎದುರಾಗುತ್ತದೆ. 2007ರಲ್ಲಿ ಕಲ್ಕತ್ತಾ ಹೈಕೋರ್ಟು ಅಲ್ಲಿನ ಬಸ್ ನಿಲ್ದಾಣವನ್ನು ಬೇರೆಡೆಗೆ ಸಾಗಿಸಬೇಕೆಂದು ಆದೇಶಿಸಿತು. ಬಸ್ಸುಗಳ ಹೊಗೆಯಿಂದ ವಿಕ್ಟೋರಿಯಾ ಮೆಮೋರಿಯಲ್‌ನ ಅಮೃತಶಿಲೆ ಮಾಸುತ್ತಿದೆ ಎಂಬುದು ಕಾರಣ, ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಊರಾಚೆಯ ಸಂತ್ರಾಗಾಛಿಯಂಥ ಜಾಗಗಳ ಹೆಸರು ಆಗಾಗ ಕೇಳಿಬರುತ್ತದೆ. ಹೊಗೆ ಸುಳ್ಳಲ್ಲ, ಅದು ಕಲ್ಲಿಗಿಂತ ಮೊದಲು ಪುಪ್ಪುಸಕ್ಕೆ ಕೆಟ್ಟದ್ದು. ಆದರೆ ಸಂತ್ರಾಗಾಛಿಗೆ ಮೆಟ್ರೊ ಇಲ್ಲ. ಅಲ್ಲಿ ಇಳಿದವರು ಆಸ್ಪತ್ರೆಗೆ ಹೋಗಲು ಇನ್ನೊಂದು ಬಸ್ಸು ಹತ್ತಬೇಕು. ಗಟ್ಟಿ ಕಾಲಿನವರಿಗೆ ಅದು ಅರ್ಧ ಗಂಟೆಯ ಕಿರಿಕಿರಿ, ಊರುಗೋಲಿನವರಿಗೆ ಇನ್ನೊಂದು ನಲವತ್ತು ಸೆಂಟಿಮೀಟರಿನ ಮೆಟ್ಟಿಲು ಹತ್ತಿ ಇನ್ನೊಂದು ಇಳಿಯುವುದು. ಹೂಗ್ಲಿಯಡಿ ಸುರಂಗ ಕೊರೆದು ಎಸ್ಪ್ಲನೇಡ್ ಅನ್ನು ನಗರದ ಎಲ್ಲ ದಿಕ್ಕಿಗೂ ಜೋಡಿಸಿದ ಮೇಲೆ ಹಳ್ಳಿಯ ಬಸ್ಸನ್ನು ಮಾತ್ರ ಅಲ್ಲಿಂದ ಆಚೆ ಅಟ್ಟುವುದು ವಿಚಿತ್ರ. ಬಸ್ಸುಗಳನ್ನು ವಿದ್ಯುತ್ತಿಗೆ ತಿರುಗಿಸಿದರೆ ಹೊಗೆಗೆ ಉತ್ತರ ಸಿಗುತ್ತದೆ, ನಿಲ್ದಾಣ ದೂರವಾದರೆ ಮೆಟ್ಟಿಲಿಗೆ ಉತ್ತರ ಸಿಗುವುದಿಲ್ಲ. ಮೆಜೆಸ್ಟಿಕ್ಕಿನಿಂದ ಹೊರವಲಯಕ್ಕೆ ಬಸ್ಸುಗಳನ್ನು ಸಾಗಿಸುವ ಮಾತು ಬೆಂಗಳೂರಿನಲ್ಲಿ ಬಂದಾಗಲೂ ಈ ಲೆಕ್ಕ ಕೇಳಬೇಕು: ಒಬ್ಬ ರೋಗಿ ಮನೆಯಿಂದ ವೈದ್ಯರ ಮೇಜಿನವರೆಗೆ ಎಷ್ಟು ಸಲ ಹತ್ತಿ ಇಳಿಯುತ್ತಾನೆ?

ಕರ್ನಾಟಕದಲ್ಲಿ ಆರಂಭಿಸಲು ಬೇಕಾದ ಮಾಹಿತಿ ಆಗಲೇ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಬಹುಪಾಲು ಮಂದಿ ತಾವೂ ಅಂಗವಿಕಲರೇ, ತಾಲ್ಲೂಕಿನಲ್ಲಿ ಅವರ ಮೇಲ್ವಿಚಾರಕರಿದ್ದಾರೆ. ಊರಿನ ಅಂಗವಿಕಲರ ಪಟ್ಟಿ ಅವರ ಕೈಯಲ್ಲಿದೆ. ಪಂಚಾಯಿತಿಗಳು ಸ್ವಂತ ಆದಾಯದ ಶೇ 5ನ್ನು ಅಂಗವಿಕಲರಿಗೆ ಖರ್ಚು ಮಾಡಬೇಕೆಂಬ ನಿಯಮವೂ ಇದೆ. ಆ ಹಣ ಚಿಕ್ಕಚಿಕ್ಕ ಸಾಮಗ್ರಿಗಳಾಗಿ ಹಂಚಿಹೋದರೆ ಗಾಡಿಗೆ ಉಳಿಯುವುದಿಲ್ಲ. ಅದೊಂದರಿಂದಲೇ ಗಾಡಿ ಓಡಿಸಲೂ ಆಗದು, ರಾಜ್ಯದ ಪಾಲು ಬೇಕೇ ಬೇಕು. ಹಿಂದಿನ ದಿನ ಸಂಜೆಯೊಳಗೆ ಫೋನ್ ಮಾಡಿದವರನ್ನು ದಾರಿಗೆ ತಕ್ಕಂತೆ ಜೋಡಿಸಿ ಬೆಳಿಗ್ಗೆ ಗಾಡಿ ಕಳಿಸುವುದು ಕಾರ್ಯಕರ್ತನ ಕೆಲಸ, ಅದಕ್ಕೆ ಅವನ ಗೌರವಧನ ಏರಿಸಬೇಕು. ಖಾಲಿ ಓಡಾಟದ ಭಯಕ್ಕೂ ಇದೇ ಉತ್ತರ, ಕರೆ ಇಲ್ಲದ ದಿನ ಗಾಡಿ ಹೊರಡುವುದಿಲ್ಲ. ಗಾಡಿ ಪೂರ್ತಿ ಉಚಿತವಾಗಿರಬೇಕೆ ಎಂಬಲ್ಲಿ ಮಾತ್ರ ನಾನು ಹಲವು ಸಂಘಟನೆಗಳವರಿಂದ ಬೇರೆ. ಸಂತೆಗೆ, ಮದುವೆಗೆ ಹೋಗುವವರಿಂದ ಬಸ್ಸಿನ ದರದಷ್ಟೇ ತೆಗೆದುಕೊಳ್ಳಲಿ, ಆಸ್ಪತ್ರೆಗೆ ಬೇಡ. ಟಿಕೆಟ್ ಹರಿದುಕೊಟ್ಟರೆ ಯಾವ ದಿನ ಯಾರು ಎಲ್ಲಿಗೆ ಹೋದರು ಎಂಬ ದಾಖಲೆ ಉಳಿಯುತ್ತದೆ. ಮುಂದಿನ ವರ್ಷ ಗಾಡಿಯ ದಾರಿ ಬದಲಿಸುವಾಗ ಗ್ರಾಮಸಭೆಯ ಮುಂದೆ ಇಡಲು ಬೇಕಾಗುವುದು ಆ ದಾಖಲೆಯೇ.